ಕಡ್ಡಿಯಿಂದ ಆಕಾಶವನ್ನಳೆದ ಪಠಾಣಿ ಸಾಮಂತರು

ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಒಡಿಶಾದ ಪಂಡಿತರೊಬ್ಬರ ಚರಿತ್ರೆಗೆ ಏನು ಕೆಲಸವೆಂದು ವಾಚಕ ಬಂಧುಗಳು ಕೇಳಬಹುದು. ಕೇಳುವುದು ನ್ಯಾಯವೇ. ಆದ್ದರಿಂದ ಕಾರಣವನ್ನು ಮೊದಲು ನಿವೇದಿಸಿ ಅನಂತರ ಕಥೆಗೆ ಬರುತ್ತೇವೆ.

ಕಳೆದ ಡಿಸೆಂಬರಿನಲ್ಲಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ನಮ್ಮ ಸಂಘದ ಎಂಟು ಹತ್ತು ಸಂಸಾರಗಳು ಸೇರಿ ಮುಂಬಯಿಯ ದೀಪಗಳಿಂದ ದೂರ ಹೋಗಿ, ಕರ್ಜತ್ ಕಡೆಯ ಒಂದು ಬಯಲಿನಲ್ಲಿ ಡೇರೆ ಹೊಡೆದು ಒಂದು ರಾತ್ರಿ ತಂಗಿದ್ದೆವು. ರೊಟ್ಟಿ, ಚಟ್ನಿಪುಡಿ, ಮೊಸರನ್ನದ ಬುತ್ತಿ ಮುಗಿಯಿತು. ದೀಪಗಳನ್ನೆಲ್ಲ ಆರಿಸಿ ಚಾಪೆಗಳ ಮೇಲೆ ಮಲಗಿಕೊಂಡೆವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಕಂಡ ನಕ್ಷತ್ರಗಳನ್ನು ನೋಡಿ ಮಕ್ಕಳು ಮಾತನ್ನೇ ಮರೆತರು. ನಮ್ಮ ಚಾಳಿನ ಮೇಲಿನ ಆಕಾಶದಲ್ಲಿ ಬೆರಳೆಣಿಕೆಯ ಚುಕ್ಕೆಗಳನ್ನು ಕಂಡಿದ್ದ ಒಂಬತ್ತು ವರ್ಷದ ಹುಡುಗನೊಬ್ಬ, ಇವೆಲ್ಲ ದಿನವೂ ಇಲ್ಲಿಯೇ ಇರುತ್ತವೆಯೇ ಎಂದು ಕೇಳಿದ.

ಅಷ್ಟರಲ್ಲಿ ಹಿರಿಯರ ನಡುವೆ ಒಂದು ಚರ್ಚೆ ಹುಟ್ಟಿತು. ಒಬ್ಬರ ಮನೆಯ ಪಂಚಾಂಗ ಹಿಂದಿನ ಏಕಾದಶಿಯನ್ನು ಒಂದು ದಿನ ಹೇಳಿತ್ತು, ಇನ್ನೊಬ್ಬರ ಮನೆಯದು ಮರುದಿನ ಹೇಳಿತ್ತು. ಒಬ್ಬರ ಮಾವನವರು ಊರಿನಿಂದ ತರಿಸಿದ ಪಂಚಾಂಗವೇ ಸರಿಯೆಂದರು. ಇನ್ನೊಬ್ಬರು ತಮ್ಮ ಮಠದ್ದೇ ಪ್ರಮಾಣವೆಂದರು. ಆಗ ಅದೇ ಹುಡುಗ, ಚಂದ್ರನನ್ನೇ ನೋಡಿ ತಿಳಿದುಕೊಳ್ಳಬಾರದೆ ಎಂದ. ಯಾರೂ ಉತ್ತರ ಕೊಡಲಿಲ್ಲ. ಚಂದ್ರನನ್ನು ನೋಡಿ ತಿಳಿದುಕೊಳ್ಳುವ ಬಗೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವೆಂಬುದೇ ನಿಜ. ಮನೆಗೆ ಬಂದ ಮೇಲೆ ನಾವು ಪುಸ್ತಕಗಳನ್ನು ಹುಡುಕಿದೆವು. ಅದೇ ಪ್ರಶ್ನೆಯನ್ನು ಹದಿನೈದನೆಯ ವಯಸ್ಸಿನಲ್ಲಿ ಕೇಳಿ, ಉತ್ತರಕ್ಕಾಗಿ ಆಯುಷ್ಯವನ್ನೇ ಸವೆಸಿದ ಮಹನೀಯರು ಹೀಗೆ ಸಿಕ್ಕರು. ಅವರೇ ಪಠಾಣಿ ಸಾಮಂತರು.

ಇವರ ಪೂರ್ಣ ನಾಮಧೇಯ ಚಂದ್ರಶೇಖರ ಸಿಂಹ ಹರಿಚಂದನ ಮಹಾಪಾತ್ರ ಸಾಮಂತ. ಜನನ 1835ನೆಯ ಇಸವಿಯ ಡಿಸೆಂಬರ್ 13ರಂದು. ಜನ್ಮಸ್ಥಳ ಖಂಡಪಡಾ, ಆಗ ಅದು ಗುಡ್ಡಗಾಡಿನ ಒಂದು ಸಣ್ಣ ಸಂಸ್ಥಾನ, ಈಗ ಒಡಿಶಾದ ನಯಾಗಡ ಜಿಲ್ಲೆಗೆ ಸೇರಿದೆ. ತಂದೆ ಶ್ಯಾಮಬಂಧು ಸಿಂಹರು ರಾಜವಂಶಕ್ಕೆ ಸೇರಿದವರು, ತಾಯಿ ವಿಷ್ಣುಮಾಲಿ. ವಂಶ ರಾಜರದಾದರೂ ಸಿಂಹಾಸನ ಇವರದಲ್ಲ, ಐಶ್ವರ್ಯವೂ ಅಷ್ಟಕ್ಕಷ್ಟೆ.

ಪಠಾಣಿ ಎಂಬ ಹೆಸರು ಬಂದುದಕ್ಕೆ ಒಂದು ಕಥೆಯುಂಟು. ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವಾಗಿ, ಈ ಮಗುವಾದರೂ ಬದುಕಲೆಂದು ತಂದೆತಾಯಿಗಳು ಒಬ್ಬ ಮುಸಲ್ಮಾನ ಫಕೀರರಿಗೆ ಒಪ್ಪಿಸಿದಂತೆ ಮಾಡಿ ಮರಳಿ ಪಡೆದರಂತೆ. ನಮ್ಮ ಸೀಮೆಯಲ್ಲಿ ತಿಪ್ಪಯ್ಯ, ಫಕೀರಪ್ಪ ಎಂಬ ಹೆಸರುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಮನೆಯವರು ಮುದ್ದಿಗೆ ಕರೆದ ಹೆಸರೇ ದೇಶಕ್ಕೆಲ್ಲ ಪರಿಚಯವಾಯಿತು.

ಬಾಲಕ ಚಂದ್ರಶೇಖರರಿಗೆ ಆಕಾಶದ ಮೊದಲ ಪಾಠ ದೊರೆತದ್ದು ಮನೆಯಲ್ಲಿಯೇ. ತಂದೆಯವರು ನಕ್ಷತ್ರಗಳನ್ನು ತೋರಿಸಿಕೊಟ್ಟರು. ಮನೆತನದ ಹಿರಿಯರೊಬ್ಬರು ಜ್ಯೋತಿಷದ ಆರಂಭವನ್ನು ಕಲಿಸಿದರು. ಸಂಸ್ಕೃತ ಮತ್ತು ಒಡಿಯಾ, ಇವೆರಡೇ ಅವರಿಗೆ ಬಂದ ಭಾಷೆಗಳು. ಇಂಗ್ಲಿಷ್ ಬಾರದು. ಕಲ್ಕತ್ತೆಯಲ್ಲಿ ಹೊಸ ವಿದ್ಯೆ ಹಬ್ಬುತ್ತಿದ್ದ ಆ ಕಾಲದಲ್ಲಿ, ಖಂಡಪಡಾದ ಕಾಡಿನೊಳಗೆ ಅದರ ಸದ್ದೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿದ್ದ ತಾಳೆಗರಿಯ ಗ್ರಂಥಗಳನ್ನು ಅವರು ತಾವೇ ಓದಿಕೊಂಡರು. ಸೂರ್ಯಸಿದ್ಧಾಂತ, 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಸಿದ್ಧಾಂತ ಶಿರೋಮಣಿ, ಇವೇ ಅವರ ಗುರುಗಳಾದವು.

ಹದಿನೈದರ ಪ್ರಾಯಕ್ಕೆ ಅವರು ಲಗ್ನವನ್ನೂ ಗ್ರಹಗಳ ಸ್ಥಾನವನ್ನೂ ಗಣಿತ ಮಾಡಿ ಹೇಳಬಲ್ಲವರಾದರು. ಸಾಮಾನ್ಯ ವಿದ್ಯಾರ್ಥಿಯಾಗಿದ್ದರೆ ಅಲ್ಲಿಗೆ ತೃಪ್ತನಾಗಿ ಜಾತಕ ಬರೆಯುತ್ತ ಕುಳಿತುಬಿಡುತ್ತಿದ್ದ. ಇವರು ಗಣಿತ ಮಾಡಿದ ಗರಿಯನ್ನು ಹಿಡಿದು ರಾತ್ರಿ ಹೊರಗೆ ಬಂದರು. ಪುಸ್ತಕ ಹೇಳಿದ ಹೊತ್ತಿಗೆ, ಪುಸ್ತಕ ಹೇಳಿದ ಸ್ಥಳದಲ್ಲಿ ಗ್ರಹ ಕಾಣಲಿಲ್ಲ. ಗಣಿತವನ್ನು ಮತ್ತೊಮ್ಮೆ ಮಾಡಿದರೂ ತಪ್ಪು ಸಿಗಲಿಲ್ಲ. ಆಕಾಶ ಮಾತ್ರ ಒಪ್ಪಲಿಲ್ಲ.

ನಾವು ಬ್ಯಾಂಕಿನ ಗುಮಾಸ್ತೆಗಳು. ಸಂಜೆ ಪೆಟ್ಟಿಗೆಯಲ್ಲಿರುವ ನಗದೂ ಪುಸ್ತಕದಲ್ಲಿರುವ ಬಾಕಿಯೂ ತಾಳೆಯಾಗದಿದ್ದರೆ ಆಗುವ ಸಂಕಟ ನಮಗೆ ಗೊತ್ತು. ಆಗ ಮನುಷ್ಯನ ಮುಂದೆ ಮೂರು ದಾರಿಗಳಿರುತ್ತವೆ. ಪುಸ್ತಕವೇ ಸರಿ, ನಗದನ್ನೇ ಸರಿಯಾಗಿ ಎಣಿಸಿಲ್ಲವೆಂದು ಹಟ ಹಿಡಿಯಬಹುದು. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗಬಹುದು. ಇಲ್ಲವೆ, ಮೊದಲ ಚೀಟಿಯಿಂದ ಪುನಃ ತಪಾಸಣೆ ಮಾಡುತ್ತ ಕೂರಬಹುದು. ಸಾಮಂತರು ಮೂರನೆಯ ದಾರಿಯನ್ನು ಹಿಡಿದರು. ಅವರ ತಪಾಸಣೆ ವರ್ಷಗಟ್ಟಲೆ ನಡೆಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪ್ರಾಚೀನರು ಸುಳ್ಳು ಬರೆದರೆಂದು ಸಾಮಂತರು ಎಂದೂ ತಿಳಿಯಲಿಲ್ಲ. ಗ್ರಹಗತಿಯ ಅಂಕಿಗಳಲ್ಲಿ ಅತ್ಯಲ್ಪ ಲೋಪವಿದ್ದರೂ ಅದು ಮೊದಲ ವರ್ಷ ಕಣ್ಣಿಗೆ ಬೀಳುವುದಿಲ್ಲ. ನೂರಾರು ವರ್ಷ ಕೂಡುತ್ತ ಬಂದರೆ ದೊಡ್ಡ ಅಂತರವಾಗಿ ನಿಲ್ಲುತ್ತದೆ. ಆಗಾಗ ಆಕಾಶವನ್ನು ನೋಡಿ ಅಂಕಿಗಳನ್ನು ತಿದ್ದಿಕೊಳ್ಳಬೇಕೆಂಬುದು ಪ್ರಾಚೀನರದೇ ಮತ. ಅದನ್ನು ಪಾಲಿಸುವವರೇ ಇಲ್ಲವಾಗಿದ್ದರು.

ನೋಡುವುದಕ್ಕೆ ಉಪಕರಣ ಬೇಕು. ದೂರದರ್ಶಕವಿಲ್ಲ, ಕೊಳ್ಳಲು ಹಣವಿಲ್ಲ, ಅಂಥದೊಂದು ಇದೆಯೆಂದು ಹೇಳುವವರೂ ಹತ್ತಿರದಲ್ಲಿಲ್ಲ. ಸಾಮಂತರು ಬಿದಿರು ಮತ್ತು ಮರದ ತುಂಡುಗಳಿಂದ ತಮ್ಮ ಯಂತ್ರಗಳನ್ನು ತಾವೇ ಮಾಡಿಕೊಂಡರು. ನೆರಳನ್ನಳೆಯುವ ಶಂಕು, ಖಗೋಳದ ವೃತ್ತಗಳನ್ನು ತೋರಿಸುವ ಗೋಲಯಂತ್ರ, ಚಾಪಯಂತ್ರ, ಹೀಗೆ ಹಲವು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಮಾನಯಂತ್ರ. ಅದರ ರಚನೆ ಎಷ್ಟು ಸರಳವೆಂದರೆ ನಮ್ಮ ಮಕ್ಕಳೂ ಒಂದು ಮಧ್ಯಾಹ್ನದಲ್ಲಿ ಅಂಥದನ್ನು ಮಾಡಿಕೊಳ್ಳಬಹುದು.

ಇಪ್ಪತ್ತನಾಲ್ಕು ಅಂಗುಲ ಉದ್ದದ ಒಂದು ಕಡ್ಡಿ. ಅದರ ತುದಿಗೆ ನೇರ ಅಡ್ಡಲಾಗಿ ಇನ್ನೊಂದು ಕಡ್ಡಿ. ಅಡ್ಡಕಡ್ಡಿಯಲ್ಲಿ ಗಣಿತ ಮಾಡಿ ಗುರುತಿಸಿದ ಕಚ್ಚುಗಳು, ರಂಧ್ರಗಳು. ಉದ್ದಕಡ್ಡಿಯ ಬರಿಯ ತುದಿಯನ್ನು ಕಣ್ಣಿನ ಬಳಿ ಹಿಡಿದು, ಅಡ್ಡಕಡ್ಡಿಯ ನಡುವಿಗೆ ಒಂದು ನಕ್ಷತ್ರವನ್ನು ಹೊಂದಿಸಿ, ಇನ್ನೊಂದು ನಕ್ಷತ್ರ ಯಾವ ಕಚ್ಚಿನ ನೇರಕ್ಕೆ ಬರುತ್ತದೆಂದು ನೋಡಿದರೆ, ಎರಡರ ನಡುವಿನ ಕೋನ ತಿಳಿಯುತ್ತದೆ. ಇದೇ ಕಡ್ಡಿಯಿಂದ ಅವರು ಬೆಟ್ಟಗಳ ಎತ್ತರವನ್ನೂ ದೂರವನ್ನೂ ಅಳೆದು ಹೇಳುತ್ತಿದ್ದರು.

ಇದರ ತತ್ತ್ವವನ್ನು ಶಾಲೆಯ ಅಳತೆಪಟ್ಟಿಯಿಂದಲೇ ಪರೀಕ್ಷಿಸಬಹುದು. ಕಣ್ಣಿನಿಂದ 57 ಸೆಂಟಿಮೀಟರ್ ದೂರದಲ್ಲಿ ಪಟ್ಟಿಯನ್ನು ಅಡ್ಡಲಾಗಿ ಹಿಡಿದರೆ, ಅದರ ಮೇಲಿನ ಒಂದು ಸೆಂಟಿಮೀಟರು ಆಕಾಶದ ಒಂದು ಅಂಶಕ್ಕೆ ಸಮ. ಪೂರ್ಣಚಂದ್ರನನ್ನು ಹೀಗೆ ಅಳೆದರೆ ಅರ್ಧ ಸೆಂಟಿಮೀಟರು ಮಾತ್ರ ಬರುತ್ತಾನೆ. ಇಷ್ಟು ದೊಡ್ಡದಾಗಿ ಕಾಣುವ ಚಂದ್ರ ಅರ್ಧ ಅಂಶವೇ ಎಂದು ಮಕ್ಕಳು ನಂಬುವುದಿಲ್ಲ. ಅಳೆದ ಮೇಲೆ ನಂಬುತ್ತಾರೆ. ಪಟ್ಟಿಯೂ ಇಲ್ಲದಿದ್ದರೆ ಕೈಯನ್ನು ಪೂರ್ತಿ ಚಾಚಿ ನೋಡಬೇಕು. ಕಿರುಬೆರಳ ಅಗಲ ಸುಮಾರು ಒಂದು ಅಂಶ, ನಡುವಿನ ಮೂರು ಬೆರಳು ಸೇರಿ ಐದು, ಬಿಗಿಹಿಡಿದ ಮುಷ್ಟಿ ಹತ್ತು.

ಸಾಮಂತರ ರಾತ್ರಿಗಳೆಲ್ಲ ಬಯಲಿನಲ್ಲಿಯೇ ಕಳೆದವು. ಅಂಗುಲ್ ರಾಜಮನೆತನದ ಸೀತಾದೇವಿಯವರನ್ನು ಅವರು ವಿವಾಹವಾದರು. ವರನ ರೂಪವನ್ನು ಕಂಡು ಕನ್ಯೆಯ ಕಡೆಯವರು ಹಿಂಜರಿದರೆಂದೂ, ಅವರ ವಿದ್ವತ್ತನ್ನು ಕಂಡ ಮೇಲೆ ಸಮಾಧಾನಗೊಂಡರೆಂದೂ ಪ್ರತೀತಿಯುಂಟು. ಸಂಸಾರ, ಸಾಲದ ಚಿಂತೆ, ಸಂಸ್ಥಾನದೊಳಗಿನ ಮನಸ್ತಾಪಗಳು, ಇವು ಯಾವುವೂ ರಾತ್ರಿಯ ಕೆಲಸವನ್ನು ನಿಲ್ಲಿಸಲಿಲ್ಲ. ನಿದ್ದೆಗೆಟ್ಟು ದೇಹ ಸೋತಿತು. ಅಜೀರ್ಣವೂ ನಿದ್ರಾಹೀನತೆಯೂ ಅವರನ್ನು ಕೊನೆಯವರೆಗೂ ಕಾಡಿದವು. ನೋಡಿದ್ದನ್ನು ಬರೆದಿಟ್ಟುಕೊಳ್ಳುವ ಕ್ರಮವನ್ನು ಮಾತ್ರ ಅವರು ಬಿಡಲಿಲ್ಲ.

ಅವರನ್ನು ಬಹಳವಾಗಿ ಸತಾಯಿಸಿದವನು ಚಂದ್ರ. ನಕ್ಷತ್ರಗಳ ನಡುವೆ ಚಂದ್ರ ದಿನಕ್ಕೆ ಸುಮಾರು 13 ಅಂಶ ಪೂರ್ವಕ್ಕೆ ಸರಿಯುತ್ತಾನೆ. ಆದರೆ ಅವನ ನಡಿಗೆ ಒಂದೇ ಸಮನಲ್ಲ. ಒಮ್ಮೆ ಚುರುಕು, ಒಮ್ಮೆ ನಿಧಾನ. ಹಳೆಯ ಗ್ರಂಥಗಳು ಈ ಏರುಪೇರಿನ ಮುಖ್ಯ ಭಾಗವನ್ನು ಲೆಕ್ಕಕ್ಕೆ ತಂದುಕೊಂಡಿದ್ದವು. ಅದನ್ನು ಕಳೆದ ಮೇಲೂ ಚಂದ್ರ ತಪ್ಪಿಸಿಕೊಳ್ಳುತ್ತಿದ್ದ. ಸಾಮಂತರು ಹಟ ಬಿಡದೆ ಅಳೆದು, ಇನ್ನೂ ಮೂರು ತಿದ್ದುಪಡಿಗಳು ಬೇಕೆಂದು ಕಂಡುಕೊಂಡರು. ಅವುಗಳಿಗೆ ತುಂಗಾಂತರ, ಪಾಕ್ಷಿಕ, ದಿಗಂಶ ಎಂದು ಹೆಸರಿಟ್ಟರು. ಆಧುನಿಕ ಗಣಿತದಂತೆ ಮೊದಲನೆಯದು ಹೆಚ್ಚೆಂದರೆ ಒಂದೂಕಾಲು ಅಂಶ, ಎರಡನೆಯದು ಅಂಶದ ಮೂರನೆಯ ಎರಡು ಭಾಗ, ಮೂರನೆಯದು ಅಂಶದ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಚಂದ್ರಬಿಂಬದ ಅಗಲದ ಮೂರನೆಯ ಒಂದು ಪಾಲು. ಅಷ್ಟು ಸಣ್ಣ ವ್ಯತ್ಯಾಸವನ್ನು ಬರಿಗಣ್ಣು ಮತ್ತು ಕಡ್ಡಿಯಿಂದ ಹಿಡಿದವರ ತಾಳ್ಮೆ ಎಂಥದಿರಬೇಕು! ಯುರೋಪಿನಲ್ಲಿ ಹದಿನಾರನೆಯ ಶತಮಾನದಲ್ಲಿ ಟೈಕೋ ಬ್ರಾಹೆ, ಒಂದು ದ್ವೀಪವನ್ನೇ ವೇಧಶಾಲೆಗಾಗಿ ರಾಜನಿಂದ ಪಡೆದು, ಬೃಹತ್ ಯಂತ್ರಗಳಿಂದ ಇಂಥ ಕೆಲಸವನ್ನು ಮಾಡಿದ್ದ. ಸಾಮಂತರಿಗೆ ಅವನ ಗ್ರಂಥಗಳಿಂದ ಯಾವ ಸಹಾಯವೂ ದೊರೆತಿರಲಿಲ್ಲ.

ಇಷ್ಟು ಸೂಕ್ಷ್ಮದಿಂದ ಯಾರಿಗೇನು ಲಾಭವೆಂದು ಕೇಳಬಹುದು. ನಮ್ಮ ಡೇರೆಯ ಚರ್ಚೆಗೆ ಉತ್ತರವಿರುವುದು ಇಲ್ಲಿಯೇ. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಇದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಆದ್ದರಿಂದ ಚಂದ್ರನ ಸ್ಥಾನದಲ್ಲಿ ಒಂದು ಅಂಶ ತಪ್ಪಿದರೆ ತಿಥಿ ಮುಗಿಯುವ ಹೊತ್ತಿನಲ್ಲಿ ಸುಮಾರು ಎರಡು ಗಂಟೆ ತಪ್ಪುತ್ತದೆ. ಆ ಎರಡು ಗಂಟೆಗಳ ನಡುವೆ ಸೂರ್ಯೋದಯ ಬಿದ್ದರೆ ಹಬ್ಬ ಒಂದು ದಿನ ಹಿಂದುಮುಂದಾಗಬಹುದು. ಪಂಚಾಂಗಗಳ ಭೇದಕ್ಕೆ ಸಂಪ್ರದಾಯದ ಬೇರೆ ಕಾರಣಗಳೂ ಉಂಟು. ಆದರೆ ಚಂದ್ರನ ಗಣಿತ ಅವುಗಳಲ್ಲಿ ಮುಖ್ಯವಾದುದು. ದೇವರಿಗೆ ಸಲ್ಲಬೇಕಾದ ಪೂಜೆ ತಪ್ಪು ದಿನ ಸಲ್ಲಬಾರದೆಂಬ ಶ್ರದ್ಧೆಯೇ ಸಾಮಂತರನ್ನು ರಾತ್ರಿಯೆಲ್ಲ ಎಚ್ಚರವಿರಿಸಿತು. ಶ್ರದ್ಧೆಯಿದ್ದವರು ಪರೀಕ್ಷೆ ಮಾಡಬಾರದೆಂದು ಅವರಿಗೆ ತೋರಲಿಲ್ಲ. ಶ್ರದ್ಧೆಯಿದ್ದುದರಿಂದಲೇ ಪರೀಕ್ಷೆ ಮಾಡಿದರು.

ಈ ತಪಸ್ಸಿನ ಫಲ ಸಿದ್ಧಾಂತ ದರ್ಪಣವೆಂಬ ಗ್ರಂಥ. ಸಂಸ್ಕೃತದಲ್ಲಿ ಸುಮಾರು 2500 ಶ್ಲೋಕಗಳು. ಬರೆದದ್ದು ತಾಳೆಗರಿಯ ಮೇಲೆ, ಒಡಿಯಾ ಲಿಪಿಯಲ್ಲಿ. 1869ರಲ್ಲಿ ಅದು ಮುಗಿದಾಗ ಅವರ ವಯಸ್ಸು ಮೂವತ್ತನಾಲ್ಕನ್ನೂ ದಾಟಿರಲಿಲ್ಲ. ಆದರೆ ಕಾಡಿನೊಳಗೆ ಬರೆದ ಗರಿಗಳು ಕಾಡಿನೊಳಗೇ ಉಳಿದವು. ಮುದ್ರಣವಾಗಲು ಮೂವತ್ತು ವರ್ಷ ಕಾಯಬೇಕಾಯಿತು.

ಕಟಕದ ರಾವೆನ್‌ಶಾ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರಾಗಿದ್ದ ಬಂಗಾಳದ ಯೋಗೇಶಚಂದ್ರ ರಾಯರು ಸಾಮಂತರನ್ನು ಕಂಡು, ಅವರ ಕೆಲಸದ ಬೆಲೆಯನ್ನರಿತರು. ಆಠಮಲ್ಲಿಕ ಮತ್ತು ಮಯೂರಭಂಜದ ಅರಸರ ಧನಸಹಾಯದಿಂದ, ರಾಯರ ವಿಸ್ತಾರವಾದ ಇಂಗ್ಲಿಷ್ ಪೀಠಿಕೆಯೊಡನೆ, 1899ರಲ್ಲಿ ಗ್ರಂಥವು ಕಲ್ಕತ್ತೆಯಲ್ಲಿ ನಾಗರೀ ಲಿಪಿಯಲ್ಲಿ ಅಚ್ಚಾಯಿತು. ಅದೇ ವರ್ಷ ಲಂಡನ್ನಿನ ನೇಚರ್ ಪತ್ರಿಕೆ ಅದನ್ನು ವಿಮರ್ಶಿಸಿ, ಗ್ರಂಥಕರ್ತರನ್ನು ಟೈಕೋ ಬ್ರಾಹೆಗೆ ಹೋಲಿಸಿತು. ಪರಭಾಷೆಯ ಒಬ್ಬ ಅಧ್ಯಾಪಕರು ಕೈಹಿಡಿಯದಿದ್ದರೆ ಆ ಗರಿಗಳ ಗತಿ ಏನಾಗುತ್ತಿತ್ತೋ! ಉದ್ಯೋಗಕ್ಕಾಗಿ ಪರಸ್ಥಳದಲ್ಲಿ ನೆಲೆಸಿರುವ ನಾವು ಈ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. ನೆಲೆಸಿದ ಊರಿನವರಲ್ಲಿ ಗುಣವನ್ನು ಕಂಡು ಎತ್ತಿ ತೋರಿಸುವುದೂ ಹೊರಗಿನಿಂದ ಬಂದವರು ಸಲ್ಲಿಸಬಹುದಾದ ಒಂದು ಸೇವೆ.

ಗೌರವಗಳು ಬಂದವು. 1893ರಲ್ಲಿ ಸರ್ಕಾರವು ಮಹಾಮಹೋಪಾಧ್ಯಾಯ ಎಂಬ ಬಿರುದನ್ನಿತ್ತಿತು. ಅವೆಲ್ಲಕ್ಕಿಂತ ದೊಡ್ಡ ಗೌರವವೆಂದರೆ, ಪುರಿಯ ಜಗನ್ನಾಥ ದೇವಾಲಯದ ಪೂಜೆ ಉತ್ಸವಗಳ ಕಾಲನಿರ್ಣಯಕ್ಕೆ ಅವರ ಗಣಿತವನ್ನು ಅನುಸರಿಸಿದ ಪಂಚಾಂಗ ಅಂಗೀಕೃತವಾದದ್ದು. ಬಯಲಿನಲ್ಲಿ ಕಡ್ಡಿ ಹಿಡಿದು ಮಾಡಿದ ಲೆಕ್ಕ ಹೀಗೆ ಮಹಾದ್ವಾರವನ್ನು ಪ್ರವೇಶಿಸಿತು. ಆ ಪುರಿಯಲ್ಲಿಯೇ 1904ನೆಯ ಇಸವಿಯ ಜೂನ್ 11ರಂದು ಅವರು ದೇಹವಿಟ್ಟರು. ಇಂದು ಭುವನೇಶ್ವರದ ತಾರಾಲಯಕ್ಕೆ ಅವರ ಹೆಸರಿದೆ. 2001ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು.

ಹೊಗಳುವ ಭರದಲ್ಲಿ ಒಂದನ್ನು ಮರೆಮಾಚಬಾರದು. ಗ್ರಹಗಳು ಸೂರ್ಯನನ್ನು ಸುತ್ತುತ್ತವೆಂದು ಸಾಮಂತರು ತಾವಾಗಿಯೇ ನಿರ್ಣಯಿಸಿದರು. ಆದರೆ ಭೂಮಿ ಸ್ಥಿರ, ಆ ಗ್ರಹಗಳೊಡನೆ ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆಂದು ಕೊನೆಯವರೆಗೂ ನಂಬಿದ್ದರು. ಇದು ತಪ್ಪು. ಭೂಮಿ ಚಲಿಸುವುದರಿಂದ ನಕ್ಷತ್ರಗಳಲ್ಲಿ ಕಾಣಬೇಕಾದ ಪಲ್ಲಟವನ್ನು ಜರ್ಮನಿಯ ಬೆಸೆಲ್ 1838ರಲ್ಲಿ, ಸಾಮಂತರು ಎಳೆಯ ಮಗುವಾಗಿದ್ದಾಗ, ದೂರದರ್ಶಕದಿಂದ ಅಳೆದು ತೋರಿಸಿದ. ಅದು ಒಂದು ಅಂಶದ 3600ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಯಾವ ಬರಿಗಣ್ಣಿಗೂ ನಿಲುಕುವಂಥದಲ್ಲ. ಕಂಡದ್ದನ್ನು ಸಾಮಂತರು ಕಂಡಂತೆಯೇ ಬರೆದರು. ಕಾಣಲಾಗದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಆದ್ದರಿಂದ ಅವರಿಗೆ ನಾವು ಸಲ್ಲಿಸಬೇಕಾದ ಗೌರವ ಅವರ ಗ್ರಂಥವನ್ನು ತಲೆಯ ಮೇಲಿಟ್ಟುಕೊಳ್ಳುವುದಲ್ಲ. ಅವರಂತೆ ಹೊರಗೆ ಬಂದು ನೋಡುವುದು.

ಬರುವ ಡಿಸೆಂಬರಿನಲ್ಲಿ ನಮ್ಮ ಸಂಸಾರಗಳು ಮತ್ತೆ ಹೊರಡಲಿವೆ. ಸಾಮಂತರ ಜನ್ಮದಿನವಾದ 13ರ ಮತ್ತು 14ರ ಸುಮಾರಿಗೆ ಪ್ರತಿವರ್ಷವೂ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಹೆಚ್ಚಾಗಿ ಬೀಳುತ್ತವೆಂಬುದು ಒಳ್ಳೆಯ ಯೋಗ. ಹೊಸಬರಿಗೆ ನಮ್ಮ ಸೂಚನೆಗಳು ಇಷ್ಟೆ. ಚಾಪೆ, ಹೊದಿಕೆ, ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು. ಬ್ಯಾಟರಿಗೆ ಕೆಂಪು ಕಾಗದ ಸುತ್ತಿ. ಮೊಬೈಲನ್ನು ಡೇರೆಯೊಳಗೇ ಬಿಡಿ. ಅದರ ಬೆಳಕು ಅರ್ಧ ಗಂಟೆಯ ಕಣ್ಣಿನ ಸಿದ್ಧತೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಪೂರ್ವದಲ್ಲಿ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಆ ಸಾಲನ್ನು ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಅದರಾಚೆ ಗೊಂಚಲಿನಂಥ ಕೃತ್ತಿಕೆ. ಕೆಳಕ್ಕೆ ಎಳೆದರೆ ಎಲ್ಲಕ್ಕಿಂತ ಉಜ್ಜ್ವಲವಾದ ಲುಬ್ಧಕ. ಚಂದ್ರನಿರುವ ರಾತ್ರಿ ಅವನಿಗೂ ಹತ್ತಿರದ ಒಂದು ನಕ್ಷತ್ರಕ್ಕೂ ಇರುವ ದೂರವನ್ನು ಅಳೆದು ಬರೆಯಿರಿ. ಮರುದಿನ ಅದೇ ಹೊತ್ತಿಗೆ ಮನೆಯ ಮಾಳಿಗೆಯಿಂದ ಪುನಃ ಅಳೆಯಿರಿ. ಚಂದ್ರ ನಡೆದ ದೂರ ನಿಮ್ಮ ಪುಸ್ತಕದಲ್ಲಿಯೇ ಇರುತ್ತದೆ.

ಕೊನೆಗೊಂದು ಅಳತೆ. ನಡುರಾತ್ರಿ ಕಳೆದ ಮೇಲೆ ಈಶಾನ್ಯದಲ್ಲಿ ಸಪ್ತರ್ಷಿಗಳು ಪೂರ್ತಿಯಾಗಿ ಏಳುತ್ತಾರೆ. ಅವರಲ್ಲಿ ಮೊದಲಿನ ಇಬ್ಬರ ನಡುವಿನ ಅಂತರದ ಐದರಷ್ಟು ದೂರವನ್ನು ಅದೇ ನೇರದಲ್ಲಿ ಮುಂದುವರಿಸಿದರೆ ಧ್ರುವ ಸಿಗುತ್ತಾನೆ. ದಿಗಂತದಿಂದ ಧ್ರುವನ ಎತ್ತರ ಎಷ್ಟೋ, ಆ ಊರಿನ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟು. ಮುಂಬಯಿಯಲ್ಲಿ 19; ಸಾಮಂತರ ಖಂಡಪಡಾದಲ್ಲಿ 20. ಅಂದರೆ ಅವರು ಕಂಡ ಧ್ರುವನೂ ನಾವಿಲ್ಲಿ ಕಾಣುವ ಧ್ರುವನೂ ಒಂದು ಕಿರುಬೆರಳಿನ ವ್ಯತ್ಯಾಸದಲ್ಲಿದ್ದಾರೆ. ಧಾರವಾಡದಲ್ಲಿ ಅವನು ಹದಿನೈದೂವರೆ, ಬೆಂಗಳೂರು ಮಂಗಳೂರುಗಳಲ್ಲಿ 13. ರಜೆಗೆ ಊರಿಗೆ ಹೋದಾಗ ಅಜ್ಜನ ಮನೆಯ ಅಂಗಳದಲ್ಲಿ ನಿಂತು ಮಕ್ಕಳು ಕೈಚಾಚಿ ಅಳೆಯಲಿ. ಧಾರವಾಡದಲ್ಲಿ ಧ್ರುವ ಮೂರು ನಾಲ್ಕು ಕಿರುಬೆರಳಿನಷ್ಟು ಕೆಳಗಿಳಿದು ನಿಂತಿರುತ್ತಾನೆ. ಬೆಂಗಳೂರಿನಲ್ಲಿ ಆರು ಬೆರಳಿನಷ್ಟು. ಊರಿನಿಂದ ನಾವು ಎಷ್ಟು ದೂರ ಬಂದಿದ್ದೇವೆಂಬುದನ್ನು ಯಾರ ಮಾತನ್ನೂ ನಂಬದೆ, ಅವರು ತಮ್ಮ ಕೈಯಿಂದಲೇ ಲೆಕ್ಕ ಹಾಕಬಲ್ಲರು.

ಆ ಹುಡುಗನ ಪ್ರಶ್ನೆಗೆ ಈ ಸಲ ಉತ್ತರವಿದೆ. ಅವನಿಗಾಗಿ ನಾವು ಒಂದು ಬಿದಿರು ಕಡ್ಡಿಯನ್ನು ಕತ್ತರಿಸಿ ಇಟ್ಟಿದ್ದೇವೆ.